ಸರತಿ ಉದ್ದವಾದರೆ ಪ್ಯಾಕೆಟ್ ನಷ್ಟ ತಗ್ಗುವುದೇ?

ನಾನು ನೋಡಿಕೊಳ್ಳುವ ಲಿನಕ್ಸ್ ರೂಟರೊಂದರಲ್ಲಿ ಶೇಪಿಂಗ್ (ಕಳುಹಿಸುವ ವೇಗಕ್ಕೆ ಮಿತಿ ಹಾಕುವುದು) ಅಳವಡಿಸಿದ ಮೇಲೆ ಪ್ಯಾಕೆಟ್‌ಗಳು ಡ್ರಾಪ್ ಆಗುತ್ತಿರುವುದನ್ನು, ಅಂದರೆ ರೂಟರ್ ಅವನ್ನು ಕಳುಹಿಸದೆ ಎಸೆಯುತ್ತಿರುವುದನ್ನು ಕಂಡು, ಹೊರಹೋಗಲು ಕಾಯುವ ಪ್ಯಾಕೆಟ್‌ಗಳ ಸರತಿಯ ಮಿತಿಯನ್ನು 100ರಿಂದ 1000 ಪ್ಯಾಕೆಟ್‌ಗಳಿಗೆ ಏರಿಸಿದೆ. ಡ್ರಾಪ್‌ಗಳ ಎಣಿಕೆಯೇನೋ ನಿಂತಿತು. ಆದರೆ ದೊಡ್ಡ ಫೈಲೊಂದು ಅಪ್‌ಲೋಡ್ ಆಗುವಾಗಲೆಲ್ಲ ಕರೆಯಲ್ಲಿ ಧ್ವನಿ ತುಂಡಾಗತೊಡಗಿತು. 1500 ಬೈಟ್‌ಗಳ 1000 ಪ್ಯಾಕೆಟ್‌ಗಳೆಂದರೆ 1.2 ಕೋಟಿ ಬಿಟ್‌ಗಳು; ನನ್ನ 10 ಎಂಬಿಪಿಎಸ್ ಲಿಂಕ್‌ನಲ್ಲಿ ಅಷ್ಟು ಹೊರಹೋಗಲು 1.2 ಸೆಕೆಂಡ್ ಬೇಕು. ಅಷ್ಟು ತಡವಾಗಿ ತಲುಪಿದ ಧ್ವನಿಯ ಪ್ಯಾಕೆಟ್ಟನ್ನು ಎದುರು ತುದಿಯ ಆ್ಯಪ್ ಎಸೆದುಬಿಡುವುದರಿಂದ, ರೂಟರಿನ ಲೆಕ್ಕದಲ್ಲಿ ಕಾಣದಿದ್ದರೂ ಅದು ನಷ್ಟವೇ.

ಸರತಿಯ ಉದ್ದವನ್ನಲ್ಲ, ಪ್ಯಾಕೆಟ್ ಅದರಲ್ಲಿ ಕಾಯುವ ಹೊತ್ತನ್ನು ಅಳೆಯಬೇಕೆಂಬುದು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಮುಂದಿಟ್ಟ ಕೋಡೆಲ್ ವಿಧಾನದ ತಿರುಳು, ಮತ್ತು ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಆಲೋಚನೆ. ಕಾಯುವ ಹೊತ್ತು 100 ಮಿಲಿಸೆಕೆಂಡ್‌ಗಳ ಉದ್ದಕ್ಕೂ ಒಮ್ಮೆಯೂ 5 ಮಿಲಿಸೆಕೆಂಡ್‌ಗಿಂತ ಕೆಳಗಿಳಿಯದಿದ್ದರೆ ಮಾತ್ರ ಕೋಡೆಲ್ ಒಂದು ಪ್ಯಾಕೆಟ್ಟನ್ನು ಬೀಳಿಸುತ್ತದೆ. ಕ್ಷಣಕಾಲದ ಬರ್ಸ್ಟ್ (ಒಮ್ಮೆಲೇ ನುಗ್ಗುವ ಪ್ಯಾಕೆಟ್‌ಗಳ ಗುಂಪು) ಅನ್ನು ಅದು ತಡೆಯುವುದಿಲ್ಲ. ಸರತಿ ತುಂಬಿ ತುಳುಕಿ ಹತ್ತಾರು ಸಂಪರ್ಕಗಳ ಪ್ಯಾಕೆಟ್‌ಗಳು ಒಟ್ಟಿಗೇ ಬಿದ್ದುಹೋಗುವ ಬದಲು, ಸಕಾಲಕ್ಕೆ ಬಿದ್ದ ಒಂದೇ ಪ್ಯಾಕೆಟ್ ಕಳುಹಿಸುವ ತುದಿಯ ವೇಗವನ್ನು ನಿಯಂತ್ರಿಸುವ ಟಿಸಿಪಿಗೆ ವೇಗ ತಗ್ಗಿಸಲು ಸಾಕಾದ ಸೂಚನೆಯಾಗುತ್ತದೆ. ಎರಡೂ ತುದಿಗಳು ಇಸಿಎನ್ (ಪ್ಯಾಕೆಟ್ ಬೀಳಿಸದೆ ದಟ್ಟಣೆಯನ್ನು ಸೂಚಿಸುವ ವ್ಯವಸ್ಥೆ) ಒಪ್ಪಿಕೊಂಡಿದ್ದರೆ ಆ ಒಂದನ್ನೂ ಬೀಳಿಸಬೇಕಿಲ್ಲ, ಗುರುತು ಹಾಕಿ ಕಳುಹಿಸಿದರಾಯಿತು.

ನಾನು ಬಳಸುತ್ತಿರುವುದು ಪ್ರತಿ ಹರಿವಿಗೂ (ಒಂದೊಂದು ಸಂಪರ್ಕದ ಪ್ಯಾಕೆಟ್‌ಗಳಿಗೂ) ಪ್ರತ್ಯೇಕ ಸರತಿ ಕೊಡುವ ಎಫ್‌ಕ್ಯೂ-ಕೋಡೆಲ್. ಅಪ್‌ಲೋಡ್‌ನ ಹಿಂದೆ ಧ್ವನಿ ಕಾದು ನಿಲ್ಲಬೇಕಾದ ಪ್ರಮೇಯ ಅಲ್ಲಿಗೆ ತಪ್ಪಿತು. ಆದರೆ ಶೇಪರಿನ ವೇಗವನ್ನು ಲಿಂಕ್‌ನ ನಿಜವಾದ ವೇಗಕ್ಕಿಂತ ತುಸು ಕೆಳಗೆ ಇಡದಿದ್ದರೆ ಇದಾವುದೂ ನಡೆಯದು, ಏಕೆಂದರೆ ಆಗ ಸರತಿ ನಮ್ಮ ಕೈಗೆ ಸಿಗದ ಮೋಡೆಮಿನೊಳಗೆ ಬೆಳೆಯುತ್ತದೆ. ನಾನು 9.5 ಎಂಬಿಪಿಎಸ್‌ಗೆ ನಿಲ್ಲಿಸಿದ್ದೇನೆ.

ತೀರಾ ನಿಧಾನದ ಲಿಂಕ್ ಇರುವವರು ಒಂದು ವಿಷಯ ಗಮನಿಸಬೇಕು. 1 ಎಂಬಿಪಿಎಸ್‌ನಲ್ಲಿ 1500 ಬೈಟ್‌ಗಳ ಒಂದೇ ಪ್ಯಾಕೆಟ್ ಸಾಗಲು 12 ಮಿಲಿಸೆಕೆಂಡ್ ಹಿಡಿಯುತ್ತದೆಯಾದ್ದರಿಂದ, ಕಾಯುವ ಹೊತ್ತಿಗೆ ಕೋಡೆಲ್ ಇಟ್ಟುಕೊಂಡ 5 ಮಿಲಿಸೆಕೆಂಡ್ ಗುರಿಯನ್ನು ಹಾಗೆಯೇ ಬಿಟ್ಟರೆ ಅನಗತ್ಯ ಡ್ರಾಪ್‌ಗಳಾಗುತ್ತವೆ. ಅಲ್ಲಿ ಗುರಿಯನ್ನು 15ರ ಆಸುಪಾಸಿಗೆ ಏರಿಸುವುದು ಒಳ್ಳೆಯದು.

ಈಗ ಲಿನಕ್ಸ್‌ನಲ್ಲಿ ಸರತಿಗಳನ್ನು ನಿರ್ವಹಿಸುವ ಟಿಸಿ ಆಜ್ಞೆ ತೋರಿಸುವ ಅಂಕಿಗಳಲ್ಲಿ ನಾನು ಮೊದಲು ನೋಡುವುದು ಒಟ್ಟು ಡ್ರಾಪ್‌ಗಳನ್ನಲ್ಲ, ಸರತಿಯ ಮಿತಿ ಮೀರಿ ಬಿದ್ದವುಗಳ ಎಣಿಕೆಯನ್ನು. ಅದು ಸೊನ್ನೆಯಲ್ಲೇ ನಿಂತು ಇಸಿಎನ್ ಗುರುತುಗಳು ಮಾತ್ರ ಏರುತ್ತಿದ್ದರೆ ಸೆಟ್ಟಿಂಗ್ ಮುಟ್ಟುವುದಿಲ್ಲ.