ಟೋಬ್ಲಾಖ್‌ನಲ್ಲೊಂದು ರೂಮು: ಡೊಲೊಮೈಟ್ಸ್‌ನಲ್ಲಿ ನಡಿಗೆ, ಸೈಕಲ್ಲು, ಯುದ್ಧದ ಸುರಂಗ

ಯುರೋಪ್ ಟೂರ್ ಅಂದರೆ ಹತ್ತು ದಿನದಲ್ಲಿ ಆರು ದೇಶ, ಬೆಳಗ್ಗೆ ಏಳಕ್ಕೆ ಲಗೇಜ್ ಹೊರಗಿಡಿ ಅನ್ನುವ ಟೂರ್ ಮ್ಯಾನೇಜರ್. ಅದು ಬೇಡ, ಮೈ ಸ್ವಲ್ಪ ದಣಿಯಲಿ ಅನ್ನುವ ಗಂಡ-ಹೆಂಡತಿಗೆ ನನ್ನ ಸಲಹೆ ಒಂದೇ. ಇಟಲಿಯ ಉತ್ತರ ತುದಿಯ ಸೌತ್ ಟಿರೋಲ್‌ಗೆ ಹೋಗಿ, ಟೋಬ್ಲಾಖ್ ಎಂಬ ಊರಲ್ಲಿ ರೂಮು ಹಿಡಿದು ಕೂತುಬಿಡಿ. ಡೊಲೊಮೈಟ್ಸ್ ಎಂಬ ಬೆಟ್ಟಸಾಲು, ಸೈಕಲ್ ದಾರಿ, ಮೊದಲ ಮಹಾಯುದ್ಧದ ಕುರುಹು ಎಲ್ಲಕ್ಕೂ ಅಲ್ಲಿಂದಲೇ ಬಸ್ಸೋ ರೈಲೋ ಸಿಗುತ್ತದೆ. ದಿನಾ ಪೆಟ್ಟಿಗೆ ಕಟ್ಟುವ ರಗಳೆಯಿಲ್ಲ. ನನಗೆ ನಡೆಯುವ ಹುಚ್ಚು, ನಮ್ಮವರಿಗೆ ಸೈಕಲ್ ಹುಚ್ಚು. ಐವತ್ತು ದಾಟಿದ ನಮ್ಮಿಬ್ಬರಿಗೂ ಜಗಳವಿಲ್ಲದೆ ಒಪ್ಪಿಗೆಯಾದ ಊರು ಅದು.

ಬೆಂಗಳೂರಿನಿಂದ ಮ್ಯೂನಿಕ್‌ಗೆ ವಿಮಾನ, ಅಲ್ಲಿಂದ ಇನ್ಸ್‌ಬ್ರುಕ್, ಬ್ರೆನ್ನರ್ ಕಣಿವೆ ದಾಟುವ ರೈಲು. ಫ್ರಾನ್ಸೆನ್ಸ್‌ಫೆಸ್ಟೆಯಲ್ಲಿ ಇಳಿದು ಟೋಬ್ಲಾಖ್ ರೈಲು ಹತ್ತಬೇಕು. ಇಲ್ಲಿ ಪ್ರತಿ ಊರಿಗೂ ಎರಡು ಹೆಸರು, ಜರ್ಮನ್‌ನಲ್ಲೊಂದು, ಇಟಾಲಿಯನ್‌ನಲ್ಲೊಂದು. ಟೋಬ್ಲಾಖ್ ಅಂದರೂ ದೊಬ್ಬಿಯಾಕೊ ಅಂದರೂ ಒಂದೇ. ಎರಡನ್ನೂ ಬರೆದಿಟ್ಟುಕೊಳ್ಳಿ, ಟಿಕೆಟ್ ಹುಡುಕುವಾಗ ಬೇಕಾಗುತ್ತದೆ. ಮೊದಲ ಮಹಾಯುದ್ಧ ಮುಗಿಯುವವರೆಗೆ ಇದು ಆಸ್ಟ್ರಿಯಾದ ನೆಲ. ಊಟ, ಮನೆ, ಮಾತು ಎಲ್ಲದರಲ್ಲೂ ಅದು ಈಗಲೂ ಗೊತ್ತಾಗುತ್ತದೆ.

ಇಳಿಯುವುದು ಜರ್ಮನಿಯಲ್ಲಾದರೂ ಹೆಚ್ಚು ರಾತ್ರಿ ಕಳೆಯುವುದು ಇಟಲಿಯಲ್ಲಾದ್ದರಿಂದ ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾಕ್ಕೆ ಇಟಲಿಗೇ ಅರ್ಜಿ ಹಾಕಬೇಕು. ಆರು ತಿಂಗಳು ಮುಂಚೆಯೇ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ತಡಮಾಡಬೇಡಿ. ವಿಮೆ ಕನಿಷ್ಠ 30,000 ಯೂರೋಗಿರಬೇಕೆಂಬುದು ನಿಯಮ. ಆದರೆ ಪಾಲಿಸಿಯ ಸಣ್ಣಕ್ಷರ ಓದಿ. ಟ್ರೆಕ್ಕಿಂಗ್, ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು ಸೇರಿದೆಯೇ ನೋಡಿಕೊಳ್ಳಿ.

ನಡಿಗೆಗೆ ಮೊದಲು ಟ್ರೆ ಚಿಮೆ, ಪಕ್ಕಪಕ್ಕದಲ್ಲಿ ಎದ್ದು ನಿಂತ ಮೂರು ಬಂಡೆ ಗೋಪುರಗಳು. 2,320 ಮೀಟರ್ ಎತ್ತರದಲ್ಲಿ ಚಾರಣಿಗರಿಗೆ ಊಟ, ವಸತಿ ಕೊಡುವ ಔರೊಂಜೊ ಹಟ್‌ವರೆಗೆ ಟೋಬ್ಲಾಖ್‌ನಿಂದ ಬಸ್ಸಿದೆ. ಸೀಸನ್ನಿನಲ್ಲಿ ಸೀಟು ಆನ್‌ಲೈನ್‌ನಲ್ಲಿ ಮೊದಲೇ ಹಿಡಿಯಬೇಕು. ಮೇಲೆ ಒಂದು ಸುತ್ತು ಸುಮಾರು 10 ಕಿಲೋಮೀಟರ್. 101ನೇ ನಂಬರಿನ ದಾರಿಯಲ್ಲಿ ಹೋಗಿ 105ರಲ್ಲಿ ಬನ್ನಿ. ನಿಂತು ಫೋಟೋ ತೆಗೆದರೂ ನಾಲ್ಕೈದು ಗಂಟೆ ಸಾಕು. ಫಲಕಗಳ ಮೇಲೆ ಕಿಲೋಮೀಟರ್ ಬದಲು ಸಮಯ ಬರೆದಿರುತ್ತಾರೆ. ಅದು ಅಲ್ಲಿಯವರ ಕಾಲಿನ ಸಮಯ, ನಾವು ಕಾಲು ಭಾಗ ಸೇರಿಸಿಕೊಳ್ಳಬೇಕು. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಇದು ಏನೇನೂ ಅಲ್ಲ. ಹೆದರಬೇಕಾದ್ದು ಹವೆಗೆ. ಬೇಸಿಗೆಯ ಮಧ್ಯಾಹ್ನ ಗುಡುಗು-ಮಿಂಚು ಮಾಮೂಲು. ಬೆಳಗಿನ ಮೊದಲ ಬಸ್ಸು ಹತ್ತಿ, ಮಧ್ಯಾಹ್ನ ಎರಡು ಗಂಟೆಗೆ ಮುಂಚೆ ಇಳಿಯುವ ಲೆಕ್ಕ ಹಾಕಿ.

ಬ್ರಾಯೀಸ್ ಸರೋವರ ಇನ್‌ಸ್ಟಾಗ್ರಾಂನಲ್ಲಿ ಎಲ್ಲರೂ ನೋಡಿದ್ದೇ. ಮುಂಜಾನೆ ಹೋದರೆ ಚೆಂದ, ಹತ್ತು ಗಂಟೆಗೆ ಜಾತ್ರೆ. ಬಿಟ್ಟರೂ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮ್ಮವರು ಒಪ್ಪುವುದಿಲ್ಲ.

ಬಿಡಲೇಬಾರದ್ದು ಲಗಾಜುವೊಯ್ ಬೆಟ್ಟ. ಕೊರ್ತಿನಾದಲ್ಲಿ ಬಸ್ಸು ಬದಲಿಸಿ ಫಲ್ಜಾರೆಗೊ ಪಾಸ್ ಎಂಬ ಘಟ್ಟದಾರಿಗೆ ಹೋಗಬೇಕು, ಒಂದು ಪೂರ್ತಿ ದಿನ ಇಡಿ. 1915ರ ಮೇ ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿದಾಗ ಈ ಬೆಟ್ಟಸಾಲೇ ರಣರಂಗ. ತುದಿಯಲ್ಲಿ ಆಸ್ಟ್ರಿಯಾದವರು, ಬಂಡೆಯ ನಡುಮಧ್ಯದ ಕಿರುಚಾಚಿನ ಮೇಲೆ ಇಟಲಿಯವರು. ಎದುರಾಳಿಯ ಬುಡಕ್ಕೆ ಮದ್ದು ಇಡಲು ಇಬ್ಬರೂ ಬೆಟ್ಟದ ಹೊಟ್ಟೆಯೊಳಗೇ ಸುರಂಗ ಕೊರೆದರು. 1917ರ ಜೂನ್ 20ರಂದು ಇಟಲಿಯವರು ಸಿಡಿಸಿದ್ದು ಸುಮಾರು 33 ಟನ್. ಕೆಲವೇ ತಿಂಗಳಲ್ಲಿ ಕಪೊರೆಟ್ಟೊ ಕದನದಲ್ಲಿ ಸೋತು ಅವರು ಇಡೀ ಬೆಟ್ಟವನ್ನೇ ಬಿಟ್ಟು ಹೋದರು.

ಕೇಬಲ್ ಕಾರಿನಲ್ಲಿ ಮೇಲೆ ಹೋಗಿ, ಆ ಸುರಂಗದೊಳಗಿನಿಂದಲೇ ನಡೆದು ಇಳಿಯಬಹುದು. ಹೆಲ್ಮೆಟ್ಟೂ ತಲೆಗೆ ಕಟ್ಟುವ ಟಾರ್ಚೂ ಇಲ್ಲದೆ ಹೋಗಬೇಡಿ. ಒಳಗೆ ಜುಲೈನಲ್ಲೂ ಹಲ್ಲು ಕಟಕಟ. ಮೆಟ್ಟಿಲುಗಳು ಒದ್ದೆ, ಒಂದರಂತೆ ಇನ್ನೊಂದಿಲ್ಲ. ಪಕ್ಕದ ಉಕ್ಕಿನ ಹಗ್ಗ ಹಿಡಿದು ಇಳಿಯುವಾಗ ಕೈಯ ಗ್ಲೌಸ್ ನೆನೆಯುತ್ತದೆ. ಅಲ್ಲಲ್ಲಿ ಗೋಡೆಯಲ್ಲಿ ಬಂದೂಕಿಗೆಂದು ಕೊರೆದ ಕಿಂಡಿ. ಒಂದಕ್ಕೆ ಮುಖ ಇಟ್ಟರೆ ಕೆಳಗೆ ಪಾಸ್‌ನ ರಸ್ತೆ, ಅದರಲ್ಲಿ ಮೋಟರ್‌ಬೈಕುಗಳ ಸಾಲು. "ಇಲ್ಲಿ ಚಳಿಗಾಲ ಕಳೆದಿದ್ದಾರಲ್ಲ ಮಾರಾಯ್ತಿ" ಅಂದರು ನಮ್ಮವರು, ನಿದ್ದೆಗೆಂದು ಕೊರೆದ ಪುಟ್ಟ ಕೋಣೆಯ ಮುಂದೆ ನಿಂತು. ಮಂಡಿನೋವಿದ್ದರೆ ಈ ಇಳಿಜಾರು ಬೇಡ. ಮೇಲೆಯೇ ಕಂದಕಗಳನ್ನು ನೋಡಿ ಕೇಬಲ್ ಕಾರಿನಲ್ಲೇ ವಾಪಸ್ ಬನ್ನಿ.

ಮರುದಿನ ಕಾಲಿಗೆ ವಿಶ್ರಾಂತಿ ಬೇಕು, ಅದಕ್ಕೇ ಸೈಕಲ್. ಟೋಬ್ಲಾಖ್ ಒಂದು ದಿಣ್ಣೆಯ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ನೀರು ಏಡ್ರಿಯಾಟಿಕ್ ಸೇರಿದರೆ, ಪೂರ್ವಕ್ಕೆ ಹರಿಯುವ ದ್ರಾವಾ ನದಿ ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. ಆ ದ್ರಾವಾ ಜೊತೆಗೇ ಪಕ್ಕದ ಊರು ಇನ್ನಿಖೆನ್‌ನಿಂದ ಆಸ್ಟ್ರಿಯಾದ ಲಿಯೆಂಜ್‌ವರೆಗೆ 44 ಕಿಲೋಮೀಟರ್ ಸೈಕಲ್ ದಾರಿ, ಹೆಚ್ಚುಕಡಿಮೆ ಪೂರ್ತಿ ಇಳಿಜಾರು. ಸೈಕಲ್ ಮುಟ್ಟಿ ವರ್ಷಗಳಾದವರೂ ಹೊಡೆಯಬಹುದು. ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ, ಆದರೂ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ದಾರಿಯಲ್ಲಿ ಹೈನ್‌ಫೆಲ್ಸ್ ಹತ್ತಿರ ಲೋಆಕರ್ ವೇಫರ್ ಕಾರ್ಖಾನೆಯ ಅಂಗಡಿ ಸಿಗುತ್ತದೆ, ನಮ್ಮ ಸೂಪರ್ ಮಾರ್ಕೆಟ್‌ಗಳಲ್ಲೂ ಕಾಣುವ ಅದೇ ವೇಫರ್. ವಾಪಸ್ ರೈಲು. ಆಗಸ್ಟ್‌ನ ಸಂಜೆ ರೈಲಿಗೆ ಸೈಕಲ್ ಹತ್ತಿಸುವುದು ಸಾಹಸವೇ ಸರಿ. ಲಿಯೆಂಜ್‌ನಲ್ಲೇ ಸೈಕಲ್ ಒಪ್ಪಿಸಿಬಿಡಬಹುದಾದ ಬಾಡಿಗೆ ಅಂಗಡಿ ಹುಡುಕಿ. ಗಂಡ-ಹೆಂಡತಿಯಲ್ಲಿ ಒಬ್ಬರ ಕಾಲು ಚುರುಕು, ಒಬ್ಬರದ್ದು ನಿಧಾನ ಅಂತಾದರೆ ನಿಧಾನದವರಿಗೆ ಇ-ಬೈಕ್ ಕೊಡಿಸಿ.

ಸಸ್ಯಾಹಾರಿಗಳಿಗೆ: ಕ್ನ್ಯೋಡೆಲ್ ಅನ್ನುವ ಬ್ರೆಡ್ ಉಂಡೆ ಎಲ್ಲೆಡೆ ಸಿಗುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಸ್ಪೆಕ್ ಎಂಬ ಹಂದಿಮಾಂಸ ಇರುತ್ತದೆ. ಪಾಲಕ್‌ನದ್ದೋ ಚೀಸ್‌ನದ್ದೋ ಕೇಳಿ, ಸೂಪಿನಲ್ಲಿ ಬೇಡ ಅನ್ನಿ, ಆ ಸೂಪು ಮಾಂಸದ್ದೇ. ಉಂಡೆಗೆ ಮೊಟ್ಟೆಯನ್ನೂ ಹಾಕುತ್ತಾರೆ. ಅದೂ ಆಗದವರಿಗೆ ಹಟ್‌ಗಳಲ್ಲಿ ಟೊಮೆಟೊ ಪಾಸ್ತಾವೇ ಗತಿ, ಚಟ್ನಿಪುಡಿ ಒಯ್ಯಿರಿ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಕಾರ್ಡ್ ನಡೆಯದ ಹಟ್‌ಗಳೂ ಇರುವುದರಿಂದ ಕೈಯಲ್ಲಿ ಸ್ವಲ್ಪ ನಗದಿರಲಿ. ರೂಮು ಹಿಡಿಯುವಾಗ ಸೌತ್ ಟಿರೋಲ್ ಗೆಸ್ಟ್ ಪಾಸ್ ಕೊಡುತ್ತಾರಾ ಕೇಳಿ. ಅದಿದ್ದರೆ ಆ ಪ್ರಾಂತ್ಯದ ಬಸ್ಸು, ಲೋಕಲ್ ರೈಲಿಗೆ ಬೇರೆ ಟಿಕೆಟ್ ಬೇಡ.

ವಾಪಸಾಗುವಾಗ ಫ್ರಾನ್ಸೆನ್ಸ್‌ಫೆಸ್ಟೆಯಿಂದ ದಕ್ಷಿಣಕ್ಕೆ ಸ್ವಲ್ಪ ಸುತ್ತು ಹಾಕಿ, ಬೊಲ್ಜಾನೊದಲ್ಲಿ ಅರ್ಧ ದಿನ ಇಳಿದು, ಅಲ್ಲಿನ ಮ್ಯೂಸಿಯಂನಲ್ಲಿ ಓಟ್ಜಿ ಎಂಬ ಮಮ್ಮಿಯನ್ನು ನೋಡಿ. ಸುಮಾರು 5,300 ವರ್ಷದ ಹಿಂದೆ ಎಡಭುಜಕ್ಕೆ ಬಾಣ ತಗುಲಿ ಸತ್ತ ಮನುಷ್ಯ. 1991ರಲ್ಲಿ ಹಿಮದಲ್ಲಿ ಅವನನ್ನು ಕಂಡದ್ದು ಬೆಟ್ಟ ಸುತ್ತಲು ಬಂದಿದ್ದ ಒಂದು ಜರ್ಮನ್ ದಂಪತಿ. ಮೈನಸ್ 6 ಡಿಗ್ರಿಯ ಕೋಣೆಯಲ್ಲಿ ಮಲಗಿಸಿದ್ದಾರೆ, ಚಿಕ್ಕ ಕಿಟಕಿಯಿಂದ ಇಣುಕಬೇಕು, ಕ್ಯೂ ಇರುತ್ತದೆ. ಅವನ ತಾಮ್ರದ ಕೊಡಲಿ, ಹುಲ್ಲು ತುಂಬಿದ ಪಾದರಕ್ಷೆ ಬೇರೆ ಗಾಜಿನೊಳಗಿವೆ, ಅವನ್ನೇ ನಿಧಾನವಾಗಿ ನೋಡಿ. ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆಯಿರಿ, ವರ್ಷದ ಹೆಚ್ಚಿನ ತಿಂಗಳು ಸೋಮವಾರ ರಜೆ.