ಆಗುಂಬೆಗೆ ಹೊರಟಿದ್ದೀರಾ? ಕಾಳಿಂಗ ತೋರಿಸ್ತೀವಿ ಅನ್ನುವವರಿಗೆ ದುಡ್ಡು ಕೊಡಬೇಡಿ

ಆಗುಂಬೆ ಕಡೆ ಹೋಗುವವರಿಗೆ ಮೊದಲು ಇದನ್ನೇ ಹೇಳಬೇಕು. ಕಾಳಿಂಗ ಸರ್ಪ ಹಗಲು ಓಡಾಡುವ ಹಾವು. ರಾತ್ರಿ ಟಾರ್ಚ್ ಹಿಡಿದು ಕಾಳಿಂಗ ತೋರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನಮ್ಮ ಹತ್ತಿರ ಅದೇ ಮಾತು ಹೇಳಿ ತಲೆಗೆ ಸಾವಿರದ ಐನೂರು ರೂಪಾಯಿ ತೆಗೆದುಕೊಂಡರು. ರೂಮಿನ ಬಾಡಿಗೆ ಬೇರೆ.

ನಾವು ಹೋಗಿದ್ದು ಆಗಸ್ಟಿನಲ್ಲಿ. ನಾನು, ಹೆಂಡತಿ, ಹೈಸ್ಕೂಲಿನಲ್ಲಿ ಓದುವ ಮಗಳು. ಅವಳಿಗೆ ಕಪ್ಪೆ, ಹಾವು, ಕೀಟ ಅಂದರೆ ಜೀವ. ಹೋಮ್‌ಸ್ಟೇ ಬುಕ್ ಮಾಡುವಾಗಲೇ ಫೋನಿನಲ್ಲಿ ‘ರಾತ್ರಿ ಕಾಡಿನ ನಡಿಗೆ, ಕಾಳಿಂಗ ಸರ್ಪ ಗ್ಯಾರಂಟಿ ಸಾರ್’ ಅಂದಿದ್ದರು. ನಡಿಗೆ ಶುರುವಾಗಿದ್ದು ರಾತ್ರಿ ಒಂಬತ್ತರ ಮೇಲೆ. ಕಾಡಿನೊಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾಗೆ ಹೋಗುವಂತೆಯೂ ಇಲ್ಲ. ಡಾಂಬರು ರಸ್ತೆಯ ಪಕ್ಕದಲ್ಲೇ ಹತ್ತಿಪ್ಪತ್ತು ಜನರ ಗುಂಪು ಮಾತಾಡಿಕೊಂಡು ನಡೆಯಿತು. ಒಬ್ಬರ ಜೇಬಿನಲ್ಲಿ ಹಾಡು ಬೇರೆ. ಕೊನೆಗೆ ಒಂದು ಗಿಡದ ಮೇಲೆ ಗುಳಿಮಂಡಲ ಹಾವು ಸಿಕ್ಕಿತು. ಸುಮ್ಮನೆ ಸುತ್ತಿಕೊಂಡು ಬೇಟೆಗಾಗಿ ಕಾಯುತ್ತಿದ್ದ ಹಾವು ಅದು. ಫೋಟೋದಲ್ಲಿ ತಲೆ ಎತ್ತಿರಬೇಕು ಅಂತ ಕರೆದುಕೊಂಡು ಹೋದ ಹುಡುಗ ಅದನ್ನು ಕೋಲಿನಿಂದ ತಿವಿದ. ಮಗಳು ‘ಅಣ್ಣಾ, ಬೇಡ’ ಅಂತ ಕೂಗಿದಳು. ಅವನು ನಕ್ಕ. ನನಗೆ ಸಿಟ್ಟು ಬಂದಿದ್ದು ದುಡ್ಡಿಗಿಂತ ಅದಕ್ಕೇ ಜಾಸ್ತಿ. ಆ ಹಾವು ಒಂದೇ ಜಾಗದಲ್ಲಿ ರಾತ್ರಿಗಟ್ಟಲೆ ಅಲುಗದೆ ಕಾದರೆ ಮಾತ್ರ ಅದಕ್ಕೆ ಒಂದು ಕಪ್ಪೆಯೋ ಇಲಿಯೋ ಸಿಗುತ್ತದೆ. ಕೋಲು ತಾಗಿಸಿದರೆ ಅದರ ಅವತ್ತಿನ ಊಟ ಹೋದಂತೆಯೇ.

ರೂಮು ಹೇಗಿತ್ತು ಅಂದರೆ, ಕಾಡಿನ ಮಧ್ಯೆ ಅಂತ ದುಡ್ಡು ಪಡೆದು ಅಂಗಳದ ತುಂಬಾ ಬೆಳ್ಳನೆಯ ದೊಡ್ಡ ದೀಪ ಹಾಕಿದ್ದರು. ರಾತ್ರಿಯಿಡೀ ಉರಿಯುತ್ತಿತ್ತು. ಬೆಳಗ್ಗೆ ನೋಡಿದರೆ ದೀಪದ ಕೆಳಗೆ ರಾಶಿ ರಾಶಿ ಪತಂಗ, ಜೀರುಂಡೆ ಸತ್ತು ಬಿದ್ದಿವೆ. ಪೊರಕೆಯಿಂದ ಗುಡಿಸಿ ಎಸೆದರು. ರಾತ್ರಿ ಹೂವಿನಿಂದ ಹೂವಿಗೆ ಹೋಗಿ ಪರಾಗ ಮುಟ್ಟಿಸಬೇಕಾದ ಹುಳಗಳು, ಕಪ್ಪೆ ಬಾವಲಿಗಳ ಬಾಯಿಗೆ ಹೋಗಬೇಕಾದ ಹುಳಗಳು. ರೂಮ್ ಬುಕ್ ಮಾಡುವಾಗ ಎಸಿ ಇದೆಯಾ ಅಂತ ಕೇಳಬೇಡಿ, ಆಗುಂಬೆಯಲ್ಲಿ ಅದು ಬೇಕಾಗುವುದೂ ಇಲ್ಲ. ರಾತ್ರಿ ಹೊರಗಿನ ದೀಪ ಆರಿಸುತ್ತೀರಾ ಅಂತ ಕೇಳಿ. ಆರಿಸುವ ಮನೆಯಲ್ಲಿ ಕಪ್ಪೆಗಳ ಸದ್ದು ಕೇಳಿಸುತ್ತದೆ. ಮಳೆಗಾಲದಲ್ಲಿ ಆಗುಂಬೆಗೆ ಹೋಗುವುದೇ ಆ ಸದ್ದಿಗೆ ಅಲ್ವಾ?

ಮರುದಿನ ಮಳೆ ಸ್ವಲ್ಪ ಬಿಟ್ಟಾಗ ಪಕ್ಕದ ಅಡಿಕೆ ತೋಟದ ಯಜಮಾನರು ಮಾತಿಗೆ ಸಿಕ್ಕರು. ನಮ್ಮ ರಾತ್ರಿಯ ಕಥೆ ಕೇಳಿ, ‘ಎಂತ ಮಾರಾಯ್ರೆ, ರಾತ್ರಿ ಹೊತ್ತು ಕಾಳಿಂಗ ಹುಡುಕಿದ್ರಾ? ಬನ್ನಿ, ಅದಕ್ಕೆ ಊಟ ಎಲ್ಲಿಂದ ಬರ್ತದೆ ಅಂತ ತೋರಿಸ್ತೇನೆ’ ಅಂದರು. ಒಂದು ಪೈಸೆ ಕೇಳಲಿಲ್ಲ. ಆ ಬೆಳಗ್ಗೆಯೇ ನಮ್ಮ ಇಡೀ ಪ್ರವಾಸದ ಬೆಲೆ ತಂದುಕೊಟ್ಟಿದ್ದು.

ತೋಟದ ಹೊಂಡದ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಉಂಡೆ ನೇತಾಡುತ್ತಿತ್ತು. ಅದು ಹಾರುವ ಕಪ್ಪೆಯ ಗೂಡು. ಎಲೆಗಳ ನಡುವೆ ನೊರೆ ಕಡೆದು ಅದರಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಹೊರಬಂದು ನೇರ ಕೆಳಗಿನ ನೀರಿಗೆ ಬೀಳುತ್ತವೆ. ಹೊಂಡದ ಮೇಲಿನ ಆ ಕೊಂಬೆ ಕಡಿದರೆ ಕಪ್ಪೆಗೆ ಜಾಗ ಇಲ್ಲ. ಕಪ್ಪೆ, ಇಲಿ ಇದ್ದಲ್ಲಿಗೆ ಕೇರೆ ಹಾವು ಬರುತ್ತದೆ. ಕೇರೆ ಇದ್ದಲ್ಲಿಗೆ ಕಾಳಿಂಗ ಬರುತ್ತದೆ, ಯಾಕೆಂದರೆ ಕಾಳಿಂಗದ ಮುಖ್ಯ ಆಹಾರವೇ ಬೇರೆ ಹಾವುಗಳು. ಕೇರೆ, ನಾಗರಹಾವು, ನಾವು ರಾತ್ರಿ ಕಂಡ ಗುಳಿಮಂಡಲ, ಎಲ್ಲವನ್ನೂ ತಿನ್ನುತ್ತದೆ. ‘ಅದು ವರ್ಷಕ್ಕೊಂದೋ ಎರಡೋ ಸಲ ತೋಟಕ್ಕೆ ಬರ್ತದೆ. ನಾವು ಅಷ್ಟೊತ್ತು ದೂರ ಇರ್ತೇವೆ. ಅದು ಅದರ ಪಾಡಿಗೆ ಹೋಗ್ತದೆ’ ಅಂದರು ಯಜಮಾನರು. ಮಾರ್ಚಿನಿಂದ ಮೇ ಹೊತ್ತಿಗೆ ಹೆಣ್ಣು ಕಾಳಿಂಗ ಒಣ ಎಲೆಗಳನ್ನು ಮೈಯಿಂದಲೇ ಒಟ್ಟುಮಾಡಿ ಗೂಡು ಕಟ್ಟುತ್ತದೆ. ಹೀಗೆ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಬೇರೆ ಇಲ್ಲ. ಮರಿ ಹೊರಬರುವ ಮುಂಚೆಯೇ ತಾಯಿ ಹೊರಟುಹೋಗುತ್ತದೆ. ಅಂದರೆ ಕಾಳಿಂಗ ಉಳಿಯಬೇಕಾದರೆ ಹೊಂಡದ ಕಪ್ಪೆಯೂ ಬೇಕು, ಕಾಡಿನ ನೆಲದ ಎಲೆಯೂ ಬೇಕು.

ಆಗುಂಬೆಯಲ್ಲಿ 2005ರಲ್ಲಿ ಶುರುವಾದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಕಟ್ಟಿದ್ದು. 2008ರಿಂದ ಅಲ್ಲಿ ಕಾಳಿಂಗಗಳ ಮೈಯೊಳಗೆ ಚಿಕ್ಕ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಅವು ಎಲ್ಲಿ ಹೋಗುತ್ತವೆ, ಏನು ತಿನ್ನುತ್ತವೆ ಅಂತ ಹಿಂಬಾಲಿಸಿ ತಿಳಿದುಕೊಂಡರು. 2024ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಪ್ರಭೇದ ಅಂತ ವಿಜ್ಞಾನಿಗಳು ಗುರುತಿಸಿದರು, ಅದರ ವೈಜ್ಞಾನಿಕ ಹೆಸರಲ್ಲಿ ‘ಕಾಳಿಂಗ’ವೇ ಇದೆ. ಆದರೆ ಆ ಕೇಂದ್ರ ಪ್ರವಾಸಿ ತಾಣ ಅಲ್ಲ. ಹೇಳದೆ ಕೇಳದೆ ಗೇಟಿನ ಮುಂದೆ ಹೋಗಿ ನಿಲ್ಲಬೇಡಿ.

ಇನ್ನು ಊಟ. ತೀರ್ಥಹಳ್ಳಿಯಿಂದ ಆಗುಂಬೆಗೆ ಬರುವ ದಾರಿಯಲ್ಲಿ, ಮೇಗರವಳ್ಳಿ ದಾಟುವ ಹೊತ್ತಿಗೆ, ಹೆಂಚಿನ ಮನೆಯ ಜಗಲಿಯಲ್ಲೇ ನಡೆಸುವ ಚಿಕ್ಕ ಹೋಟೆಲೊಂದು ಸಿಕ್ಕಿತು. ಬೋರ್ಡು ಮಳೆಗೆ ಮಾಸಿ ಹೆಸರು ಓದಲು ಆಗುವುದಿಲ್ಲ. ನಾಲ್ಕು ಬೆಂಚು, ಒಳಗೆ ಸೌದೆ ಒಲೆ. ನಡೆಸುವ ಅಮ್ಮ ‘ಕೂತ್ಕಳಿ, ಬಿಸಿ ಇದೆ’ ಅಂದಿದ್ದೇ ಸರಿ, ಬಾಳೆ ಎಲೆಗೆ ಕಡುಬು ಬಿತ್ತು. ಜೊತೆಗೆ ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ. ಆಮೇಲೆ ಪತ್ರೊಡೆ. ನಾವು ಊರಲ್ಲಿ ತಿನ್ನುವ ಪತ್ರೊಡೆಯ ರುಚಿ ಅದಲ್ಲ. ಕೇಳಿದರೆ ಅದು ಮರಕೆಸುವಿನ ಎಲೆ. ಈ ಕೆಸು ನೆಲದಲ್ಲಿ ಬೆಳೆಯುವುದಲ್ಲ. ಮಳೆಗಾಲದಲ್ಲಿ ದೊಡ್ಡ ಮರಗಳ ಕಾಂಡದ ಮೇಲೆ, ಪಾಚಿ ಕಟ್ಟಿದ ಕವಲುಗಳಲ್ಲಿ ಹುಟ್ಟುತ್ತದೆ. ಮರದ ರಸ ಹೀರುವುದಿಲ್ಲ, ಕೂರಲು ಜಾಗ ಮಾತ್ರ ಪಡೆಯುತ್ತದೆ. ಪಾಚಿ ಹಿಡಿದಿಟ್ಟ ನೀರು, ಕವಲಲ್ಲಿ ಕೊಳೆತ ಎಲೆಯ ಗೊಬ್ಬರ, ಇಷ್ಟೇ ಸಾಕು ಅದಕ್ಕೆ. ಹಳೆಯ ಮರ ಇಲ್ಲದ ಊರಲ್ಲಿ ಆ ಪತ್ರೊಡೆಯೂ ಇಲ್ಲ.

ಕಳಲೆಯನ್ನು ಅಮ್ಮ ಮೂರು ದಿನ ನೀರು ಬದಲಿಸುತ್ತಾ ನೆನೆಸಿಡುತ್ತಾರಂತೆ. ಎಳೆ ಬಿದಿರಿನ ಮೊಳಕೆಯಲ್ಲಿ ವಿಷದ ಅಂಶ ಇರುತ್ತದೆ, ತಿನ್ನಲು ಬರುವ ಪ್ರಾಣಿಗಳಿಂದ ಅದು ತನ್ನನ್ನು ಕಾಪಾಡಿಕೊಳ್ಳುವುದು ಹಾಗೆ. ದಾರಿಯಲ್ಲಿ ಮಾರುವ ಹಸಿ ಕಳಲೆ ಕೊಂಡರೆ ಇದು ನೆನಪಿರಲಿ, ಅವತ್ತೇ ಒಗ್ಗರಣೆ ಹಾಕಬೇಡಿ. ಅಂಗಳದ ಮಾವಿನ ಮರದಲ್ಲಿ ಎಲೆ ಹೊಲಿದ ಚಗಳಿ ಇರುವೆಯ ಗೂಡು ಇತ್ತು. ಈ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯಿಂದಲೇ ಎಲೆಗಳನ್ನು ಅಂಟಿಸುತ್ತವೆ. ಮರ ತಿನ್ನುವ ಹುಳಗಳನ್ನು ಹಿಡಿದು ತಿನ್ನುತ್ತವೆ. ಅದೇ ಇರುವೆ ರಸ ಹೀರುವ ಕೆಲವು ಕೀಟಗಳನ್ನು ಕಾವಲು ಕಾದು ಸಾಕುತ್ತದೆ, ಅವು ಬಿಡುವ ಸಿಹಿ ದ್ರವ ಕುಡಿಯಲು. ಹಾಗಾಗಿ ಮರಕ್ಕೆ ಲಾಭವೂ ಇದೆ, ನಷ್ಟವೂ ಇದೆ. ಮಗಳು ಅರ್ಧ ಗಂಟೆ ಅಲ್ಲೇ ನಿಂತಳು. ಅಮ್ಮ ‘ಕಚ್ತದೆ ಮಗಾ, ಹತ್ರ ಹೋಗ್ಬೇಡ’ ಅಂತ ಒಳಗಿಂದಲೇ ಕೂಗುತ್ತಿದ್ದರು. ಮೂವರೂ ಹೊಟ್ಟೆ ತುಂಬಾ ತಿಂದು, ಎರಡೆರಡು ಲೋಟ ಕಷಾಯ ಕುಡಿದು, ಮುನ್ನೂರು ರೂಪಾಯಿ ಆಗಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಹೋದರೆ ಏನೂ ಉಳಿದಿರುವುದಿಲ್ಲ.

ಸೂರ್ಯಾಸ್ತ ನೋಡುವ ಜಾಗದ ಬಗ್ಗೆ ಬರೆಯಲು ನನಗೆ ಏನಿಲ್ಲ. ಆಗಸ್ಟಿನಲ್ಲಿ ಮೋಡ ಬಿಟ್ಟರೆ ಏನೂ ಕಾಣುವುದಿಲ್ಲ, ಜನ ಮಾತ್ರ ಕಾಣುತ್ತಾರೆ. ಗದ್ದಲ ಆಗದವರು ಶನಿವಾರ, ಭಾನುವಾರ ಆ ಕಡೆ ಸುಳಿಯಬೇಡಿ. ಅಲ್ಲಿನ ಕೋತಿಗಳಿಗೆ ಚಿಪ್ಸ್ ಕೊಡುವುದನ್ನೂ ದಯವಿಟ್ಟು ನಿಲ್ಲಿಸಿ. ಕಾಡಿನ ಹಣ್ಣು ತಿಂದು ಬೀಜ ಹರಡಬೇಕಾದ ಪ್ರಾಣಿ ರಸ್ತೆ ಬದಿಗೆ ಬಂದು ಕೂತರೆ ಗಾಡಿಗೆ ಸಿಕ್ಕಿ ಸಾಯುತ್ತದೆ.

ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಹೆದರಿ ಎಷ್ಟೋ ಜನ ಮಳೆಗಾಲ ಬಿಟ್ಟು ಜನವರಿ, ಫೆಬ್ರವರಿಯಲ್ಲಿ ಮಲೆನಾಡಿಗೆ ಹೋಗುತ್ತಾರೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂಬಳ ನಿಮ್ಮ ಮೈಯ ಬಿಸಿ, ಉಸಿರು, ಹೆಜ್ಜೆಯ ಅದುರು ತಿಳಿದು ಬರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ, ಅದಕ್ಕೇ ಬಿಟ್ಟ ಮೇಲೂ ರಕ್ತ ಸೋರುತ್ತದೆ. ನೋಡಲು ಗಾಬರಿ, ಆದರೆ ಹಾಗೇ ನಿಲ್ಲುತ್ತದೆ. ಕಾಲುಚೀಲದ ಮೇಲೆ ಇಂಬಳ ತಡೆಯುವ ಉದ್ದ ಕಾಲುಚೀಲ ಹಾಕಿ, ಪ್ಯಾಂಟಿನ ತುದಿ ಒಳಗೆ ಸೇರಿಸಿ. ಅಂಟಿಕೊಂಡರೆ ಬಾಯಿಯ ಹತ್ತಿರ ಉಗುರಿನಿಂದ ಸರಿಸಿ ಬಿಡಿಸಿ, ತೊಳೆಯಿರಿ. ಅಷ್ಟೇ.

ಬೇಸಿಗೆಯ ಉಣುಗು, ಅಂದರೆ ದನಗಳ ಮೈಗೆ ಅಂಟುವ ಉಣ್ಣೆ, ಹಾಗಲ್ಲ. ಮಂಗನ ಕಾಯಿಲೆ ಮೊದಲು ಗುರುತಾಗಿದ್ದು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಗ ಕಾಡಿನ ಮಂಗಗಳು ಸಾಯುತ್ತಿದ್ದವು, ಜನಕ್ಕೂ ಜ್ವರ ಬರುತ್ತಿತ್ತು. ವೈರಸ್ ಹರಡುವುದು ಉಣುಗಿನಿಂದ. ಮರಿ ಉಣುಗು ಇಲಿ, ಹಕ್ಕಿ, ಮಂಗಗಳ ರಕ್ತ ಕುಡಿಯುತ್ತದೆ. ದೊಡ್ಡದಾದ ಮೇಲೆ ದನಗಳನ್ನು ಹಿಡಿಯುತ್ತದೆ. ಕಾಡು ಕಡಿದು ಅಂಚಿನಲ್ಲಿ ದನ ಮೇಯಿಸಿದಷ್ಟೂ ಉಣುಗಿಗೆ ಊಟ ಜಾಸ್ತಿ, ಉಣುಗೂ ಜಾಸ್ತಿ. ಮುಸಿಯ (ಕಪ್ಪು ಮುಖದ ಮಂಗ) ಅಥವಾ ಕೋತಿಗೆ ಸೋಂಕು ತಗುಲಿ ಸತ್ತರೆ, ಅದರ ಮೈಮೇಲಿನ ಉಣುಗುಗಳು ಅಲ್ಲೇ ಸುತ್ತಮುತ್ತ ಒಣ ಎಲೆಯಲ್ಲಿ ಉದುರುತ್ತವೆ. ಮನುಷ್ಯರಿಗೆ ಹೆಚ್ಚು ಕಚ್ಚುವುದು ಸಾಸಿವೆಗಿಂತ ಚಿಕ್ಕದಾದ ಎಳೆಯ ಉಣುಗು, ಅವು ಹೆಚ್ಚಿರುವುದು ಮಳೆ ನಿಂತು ನೆಲ ಒಣಗಿದ ತಿಂಗಳುಗಳಲ್ಲಿ. ತೋಟಕ್ಕೆ, ಕೊಟ್ಟಿಗೆಗೆ ದರಗು (ಒಣ ಎಲೆ) ಗುಡಿಸಲು ಕಾಡಿಗೆ ಹೋಗುವವರಿಗೆ ಅದಕ್ಕೇ ಮೊದಲು ತಗುಲುವುದು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಎಷ್ಟೋ ಮನೆಗಳು ಇದರಿಂದ ನೊಂದವು.

ನಮಗೆ ಕಪ್ಪೆ ಗೂಡು ತೋರಿಸಿದ ಅಡಿಕೆ ತೋಟದ ಯಜಮಾನರೂ ಬೇಸಿಗೆಯಲ್ಲಿ ಆರೋಗ್ಯ ಇಲಾಖೆ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಸೊಪ್ಪು ತರುವ ಸೊಪ್ಪಿನಬೆಟ್ಟದ ಕಾಡಿಗೆ ಹೋಗುವುದಂತೆ. ಅವರು ಬಿಡುವಂತಿಲ್ಲ, ಆ ಸೊಪ್ಪು ದರಗು ಕೊಟ್ಟಿಗೆ ಸೇರಿ ಗೊಬ್ಬರವಾಗಿಯೇ ಅಡಿಕೆ ನಿಂತಿರುವುದು. ನೀವು ಡಿಸೆಂಬರಿನಿಂದ ಮೇ ಒಳಗೆ ಹೋಗುವುದಾದರೆ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಒಣ ಎಲೆ ಮೇಲೆ ಕೂರಬೇಡಿ, ಮಲಗಬೇಡಿ. ಮೈ ತುಂಬಾ ಬಟ್ಟೆ ಹಾಕಿ, ರೂಮಿಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಒಗೆಯಿರಿ. ಸತ್ತ ಮಂಗ ಕಂಡರೆ ಫೋಟೋಗೂ ಹತ್ತಿರ ಹೋಗಬೇಡಿ, ಪಂಚಾಯಿತಿಗೋ ಅರಣ್ಯ ಇಲಾಖೆಗೋ ತಿಳಿಸಿ. ಊರಿಗೆ ಮರಳಿ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲೇಬೇಕು. ದೂರದ ಊರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯದೇ ಇರಬಹುದು.

ಇಂಬಳವೋ ಉಣುಗೋ ಅಂತ ಕೇಳಿದರೆ ನಾನು ಇಂಬಳವನ್ನೇ ಆರಿಸುತ್ತೇನೆ. ಮುಂದಿನ ಸಲವೂ ಮಳೆಯಲ್ಲೇ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ಹಾಗಾಗಿ ಕೊಡೆ ನಂಬಬೇಡಿ, ಉದ್ದ ರೈನ್‌ಕೋಟ್ ತನ್ನಿ.

ಬಸ್ಸಿನ ವಿಷಯ. ಶಿವಮೊಗ್ಗದಲ್ಲಿ ನಾವು ಹತ್ತಿದ ಬಸ್ಸಿನವರು ಆಗುಂಬೆ ಅಂತ ಕೂಗಿ ಹತ್ತಿಸಿಕೊಂಡು ತೀರ್ಥಹಳ್ಳಿಯಲ್ಲಿ ಇಳಿಸಿದರು. ಮುಂದಿನ ಬಸ್ಸಿಗೆ ಮಳೆಯಲ್ಲಿ ಒಂದೂವರೆ ಗಂಟೆ ಕಾದೆವು. ಟಿಕೆಟ್ ಮೇಲೆ ಯಾವ ಊರು ಅಂತ ಹತ್ತುವಾಗಲೇ ಓದಿಕೊಳ್ಳಿ. ಘಾಟಿ ಇಳಿದು ಉಡುಪಿ ಕಡೆ ಹೋಗುವವರು ಮಿನಿ ಬಸ್ಸೇ ನೋಡಿ, ಆ ತಿರುವುಗಳಲ್ಲಿ ದೊಡ್ಡ ಗಾಡಿ ಹೋಗುವುದಿಲ್ಲ. ಜೋರು ಮಳೆಯಲ್ಲಿ ಘಾಟಿ ಮುಚ್ಚುವುದೂ ಉಂಟು, ಹಿಂದಿನ ದಿನವೇ ಕೇಳಿಕೊಳ್ಳಿ.

ವಾಪಸ್ ಬರುವಾಗ ಒಂದು ಗಂಟೆ ಉಳಿದರೆ ಮಂಡಗದ್ದೆಯಲ್ಲಿ ಇಳಿಯಿರಿ. ತೀರ್ಥಹಳ್ಳಿ ಶಿವಮೊಗ್ಗ ರಸ್ತೆಯಲ್ಲೇ, ಶಿವಮೊಗ್ಗಕ್ಕೆ ಸುಮಾರು 30 ಕಿಲೋಮೀಟರ್ ಮುಂಚೆ. ತುಂಗೆಯ ನಡುವಿನ ಪುಟ್ಟ ದ್ವೀಪದ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಒಟ್ಟಿಗೆ ಗೂಡು ಕಟ್ಟುತ್ತವೆ. ಸುತ್ತ ನೀರು ಇರುವುದರಿಂದ ಕಾಡುಬೆಕ್ಕಿನಂಥವು ಅಲ್ಲಿಗೆ ಬರುವುದು ಕಷ್ಟ. ಮರಿಗಳಿಗೆ ಮೀನು, ಕಪ್ಪೆ ಹೊಳೆಯಲ್ಲೂ ಸಿಗುತ್ತದೆ, ಸುತ್ತಲ ಗದ್ದೆಯಲ್ಲೂ ಸಿಗುತ್ತದೆ. ಜುಲೈನಿಂದ ಅಕ್ಟೋಬರ್ ಒಳಗೆ ಹೋದರೆ ಮಾತ್ರ ಹಕ್ಕಿ ಇರುತ್ತವೆ, ಬೇಸಿಗೆಯಲ್ಲಿ ಇಳಿಯಬೇಡಿ. ಬೈನಾಕ್ಯುಲರ್ ಇದ್ದರೆ ತನ್ನಿ, ಮೊಬೈಲಿನಲ್ಲಿ ಬರೀ ಬಿಳಿ ಚುಕ್ಕೆ ಬರುತ್ತದೆ.