ಕೆಲಸ ಬಿಟ್ಟು ಬೇರೆ ದಾರಿ ಹಿಡಿಯಲಾ ಅಂತ ಕೇಳುವವರಿಗೆ

"ಅಕ್ಕಾ, ಒಂದೈದು ನಿಮಿಷ ಮಾತಾಡಬಹುದಾ?" ಅಂತ ಮೆಸೇಜ್ ಬಂದರೆ ವಿಷಯ ಏನಿರಬಹುದು ಅಂತ ನನಗೆ ಈಗ ಗೊತ್ತಾಗಿಬಿಡುತ್ತದೆ. ಹೆಚ್ಚಾಗಿ ಭಾನುವಾರ ರಾತ್ರಿಯೇ ಬರುತ್ತದೆ. ಮಾರನೇ ದಿನ ಸೋಮವಾರ ಅಲ್ವಾ. ಕೇಳುವವರು ನನ್ನ ಹಳೇ ಆಫೀಸಿನವರು, ಅವರ ಸ್ನೇಹಿತರು, ನೆಂಟರ ಮಕ್ಕಳು. "ನೀವು ಸಾಫ್ಟ್‌ವೇರ್ ಬಿಟ್ಟು ಟೀಚರ್ ಆದ್ರಲ್ಲ, ನನಗೂ ಇಲ್ಲಿ ಸಾಕಾಗಿಹೋಗಿದೆ. ಬಿಡಲಾ?"

ಐದು ನಿಮಿಷಕ್ಕೆ ಮುಗಿಯುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತುಮಕೂರಿನವಳು. ಬಿ.ಎಸ್‌ಸಿ. ಆದ ಮೇಲೆ ಎಂ.ಸಿ.ಎ. ಮಾಡಿದೆ. 2010ರಿಂದ 2021ರವರೆಗೆ ಬೆಂಗಳೂರಿನ ಎರಡು ಕಂಪನಿಗಳಲ್ಲಿ ಟೆಸ್ಟಿಂಗ್ ಕೆಲಸ ಮಾಡಿದೆ. ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು. ಆಮೇಲೆ ಎರಡು ವರ್ಷ ಬಿ.ಎಡ್. ಓದಿದೆ. 2023ರಿಂದ ನಮ್ಮೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಖುಷಿಯಾಗಿದ್ದೇನೆ. ಆದರೆ ನನ್ನ ಖುಷಿ ನೋಡಿ ನೀವು ರಾಜೀನಾಮೆ ಬರೆಯಬೇಡಿ. ಬಿಡಿ ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಎಲ್ಲರಿಗೂ ಹೇಳುವುದು ಒಂದೇ. ನೀವು ಹೋಗಬೇಕು ಅಂದುಕೊಂಡಿರುವ ಕೆಲಸದಲ್ಲಿ ತೀರಾ ಬೇಜಾರಿನ ಭಾಗ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಅದನ್ನು ಸ್ವಲ್ಪ ದಿನ ಕೈಯಾರೆ ಮಾಡಿ ನೋಡಿ. ಆಮೇಲೆ ಮಾತಾಡೋಣ.

ಅದಕ್ಕೂ ಮುಂಚೆ, ಸಾಕಾಗಿರುವುದು ಯಾವುದು ಅಂತ ಗೊತ್ತಾಗಬೇಕು. ನನಗೆ ಅದು ತಿಳಿಯಲು ಐದು ವರ್ಷ ಬೇಕಾಯಿತು.

2016ರ ಹೊತ್ತಿಗೆ ಶುರುವಾಗಿತ್ತು. ರಿಲೀಸ್ ಹತ್ತಿರ ಬಂದಾಗಲೆಲ್ಲ ಅದೇ ಇನ್ನೂರು ಚಿಲ್ಲರೆ ಟೆಸ್ಟ್ ಕೇಸ್. ಲಾಗಿನ್ ಆಗು, ತಪ್ಪು ಪಾಸ್‌ವರ್ಡ್ ಹಾಕು, ಎರರ್ ಬಂತಾ ನೋಡು, ಸ್ಕ್ರೀನ್‌ಶಾಟ್ ತೆಗೆ, ಮುಂದಿನದಕ್ಕೆ ಹೋಗು. ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ನಮ್ಮ ಮ್ಯಾನೇಜರ್ ಸರಿಯಿಲ್ಲ, ಅದಕ್ಕೇ ಹೀಗೆ ಅಂದುಕೊಂಡೆ. 2017ರಲ್ಲಿ ಕಂಪನಿ ಬದಲಿಸಿದೆ. ಸಂಬಳ ಜಾಸ್ತಿಯಾಯಿತು. ಹೊಸ ಮ್ಯಾನೇಜರ್ ತುಂಬಾ ಒಳ್ಳೆಯವರು. ಆರು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಭಾರ. ಆಗ ಓಡಾಟವನ್ನು ದೂರಿದೆ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಬೆಳಿಗ್ಗೆ ರೈಲು, ಯಶವಂತಪುರದಲ್ಲಿ ಇಳಿದು ಬಸ್ಸು. ರಾತ್ರಿ ಮನೆ ಸೇರುವ ಹೊತ್ತಿಗೆ ಮಗಳು ಮಲಗಿರುತ್ತಿದ್ದಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮನೆಯಿಂದಲೇ ಕೆಲಸ ಶುರುವಾಯಿತು. ಓಡಾಟ ತಪ್ಪಿತು. ಮಗಳು ಪಕ್ಕದಲ್ಲೇ. ಮಧ್ಯಾಹ್ನ ಬಿಸಿ ಊಟ. ಆದರೂ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಮನಸ್ಸು ಹಿಂದೇಟು ಹಾಕುತ್ತಿತ್ತು.

ಜನ ಬದಲಾದರು, ಓಡಾಟ ತಪ್ಪಿತು. ಇನ್ನು ಉಳಿದದ್ದು ಕೆಲಸವೊಂದೇ. ಹಾಗೆ ನನಗೆ ಖಾತ್ರಿಯಾಯಿತು.

ನಿಮ್ಮದೂ ಹೀಗೇ ಇರಬೇಕು ಅಂತಿಲ್ಲ. ನನಗೆ ಫೋನ್ ಮಾಡಿದ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಹದಿನೈದು ದಿನ ರಜೆ, ಇಲ್ಲಾ ಬೇರೆ ಟೀಮ್. ಒಬ್ಬಳು ಎರಡು ವರ್ಷದಿಂದ ನೈಟ್ ಶಿಫ್ಟ್‌ನಲ್ಲೇ ಇದ್ದಳು. ಬೇಕರಿ ಇಡುತ್ತೇನೆ ಅನ್ನುತ್ತಿದ್ದಳು. ಹಗಲು ಶಿಫ್ಟ್ ಸಿಕ್ಕ ಮೇಲೆ ಆ ಮಾತನ್ನೇ ಎತ್ತಲಿಲ್ಲ. ನಿದ್ದೆಗೆಟ್ಟ ತಲೆಯಲ್ಲಿ ಜೀವನದ ನಿರ್ಧಾರ ಮಾಡಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ.

ಈಗ ಆ ಬೇಜಾರಿನ ಭಾಗದ ವಿಷಯ.

ನಮ್ಮ ಚಿಕ್ಕಮ್ಮನ ಮಗಳು ಹೈಸ್ಕೂಲ್ ಟೀಚರ್. "ನಾನೂ ಟೀಚರ್ ಆಗಬೇಕು ಕಣೇ" ಅಂದೆ. "ಪಾಠ ಮಾಡೋಕೆ ಎಲ್ಲರಿಗೂ ಇಷ್ಟಾನೇ. ಬಾ, ಪೇಪರ್ ತಿದ್ದು" ಅಂದಳು. 2021ರ ಫೆಬ್ರವರಿ. ಶಾಲೆಗಳು ಆಗಷ್ಟೇ ತೆರೆದಿದ್ದವು. ವರ್ಷವೆಲ್ಲ ಮನೆಯಲ್ಲಿದ್ದ ಮಕ್ಕಳಿಗೆ ಹಿಂದಿನ ಪಾಠ ಎಷ್ಟು ನೆನಪಿದೆ ನೋಡೋಣ ಅಂತ ಒಂಬತ್ತನೇ ತರಗತಿಗೆ ಒಂದು ಸಣ್ಣ ಪರೀಕ್ಷೆ ಕೊಟ್ಟಿದ್ದಳು. 54 ಪೇಪರ್. ಶನಿವಾರ ಮಧ್ಯಾಹ್ನ ಅವಳ ಮನೆಯ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಕೂತೆವು. ಉತ್ತರಗಳ ಪಟ್ಟಿ ನನ್ನ ಕೈಯಲ್ಲಿತ್ತು. ಸರಿ, ತಪ್ಪು, ಸರಿ, ತಪ್ಪು.

ಹತ್ತು ಹನ್ನೆರಡು ಪೇಪರ್ ಆಗುವಷ್ಟರಲ್ಲಿ ಬೆನ್ನು ನೋಯಲು ಶುರುವಾಯಿತು. ಆದರೆ ನಾಲ್ಕನೇ ಪ್ರಶ್ನೆಯಲ್ಲಿ ಏನೋ ಕಾಣಿಸಿತು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಬೇಕಿತ್ತು. 1/2 + 1/3. ತಪ್ಪು ಮಾಡಿದವರೆಲ್ಲ ಬೇರೆ ಬೇರೆ ಉತ್ತರ ಬರೆದಿರಲಿಲ್ಲ. ಒಬ್ಬರಾದ ಮೇಲೊಬ್ಬರು 2/5 ಅಂತಲೇ ಬರೆದಿದ್ದರು. ನನ್ನ ಹಳೇ ಕೆಲಸದಲ್ಲಿ ಒಂದೇ ತಪ್ಪು ಹತ್ತು ಕಡೆ ಕಂಡರೆ ಅದರ ಬೇರು ಒಂದೇ ಕಡೆ ಇರುತ್ತದೆ. ಆ ಪೇಪರ್‌ಗಳನ್ನು ಬೇರೆ ಗುಡ್ಡೆ ಹಾಕಿದೆ. ಕೊನೆಗೆ ಎಣಿಸಿದರೆ 19. ಆ 19 ಜನ ಉಳಿದ ಲೆಕ್ಕ ಹೇಗೆ ಮಾಡಿದ್ದಾರೆ ಅಂತ ನೋಡಿದೆ. ಮೂರನೇ ಪ್ರಶ್ನೆ ಭಿನ್ನರಾಶಿಗಳ ಗುಣಾಕಾರ. ಅವರಲ್ಲಿ 17 ಜನ ಅದನ್ನು ಸರಿಯಾಗಿಯೇ ಮಾಡಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅದೇ ನಿಯಮವನ್ನು ಕೂಡುವುದಕ್ಕೂ ತಂದುಬಿಟ್ಟಿದ್ದರು. ಮಕ್ಕಳಿಗೆ ಏನೂ ಬರುವುದಿಲ್ಲ ಅಂತಲ್ಲ. ಬರುವ ನಿಯಮವನ್ನೇ ಬೇರೆ ಜಾಗದಲ್ಲಿ ಬಳಸಿದ್ದರು.

ತಂಗಿಗೆ ತೋರಿಸಿದೆ. ಅವಳು ಪೆನ್ ಕೆಳಗಿಟ್ಟು ಆ ಗುಡ್ಡೆಯನ್ನು ಒಂದೊಂದಾಗಿ ತಿರುವಿದಳು. ಸೋಮವಾರ ಕ್ಲಾಸಿನಲ್ಲಿ ಅವಳು ಕೇಳಿದ್ದು ಇಷ್ಟೇ: "ಅರ್ಧ ಮುದ್ದೆ ತಟ್ಟೇಲಿದೆ. ಅದಕ್ಕೆ ಇನ್ನೊಂದು ಚೂರು ಹಾಕಿದೆ. ಅರ್ಧಕ್ಕಿಂತ ಕಮ್ಮಿ ಆಗುತ್ತೇನ್ರೋ?" 2/5 ಅನ್ನುವುದು ಅರ್ಧಕ್ಕಿಂತ ಕಡಿಮೆ ಅಂತ ಮಕ್ಕಳಿಗೆ ಆಗ ಹೊಳೆಯಿತಂತೆ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಕೂತವಳು ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. ಟೀಚರ್‌ಗಳೆಲ್ಲ ಬೇಜಾರು ಅನ್ನುವ ಕೆಲಸ ಅದು. ನನಗೆ ಬೆನ್ನು ನೋವು ಬಂದಿತ್ತು, ಬೇಜಾರು ಬಂದಿರಲಿಲ್ಲ. ಆಮೇಲೆ ಎಂಟು ಶನಿವಾರ ಹೋದೆ. ಪ್ರತಿ ಸಲ ಇಷ್ಟೇ ಸೊಗಸಾಗಿತ್ತು ಅಂತೇನಿಲ್ಲ. ಆದರೆ ಒಂದು ವಾರವೂ ಹೋಗಬಾರದು ಅನ್ನಿಸಲಿಲ್ಲ.

ಇದರ ಉಲ್ಟಾ ಆದದ್ದೂ ಇದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಚಿಕ್ಕನಾಯಕನಹಳ್ಳಿ ಕಡೆಯವನು. ತೋಟ ನೋಡಿಕೊಂಡು ಊರಲ್ಲೇ ಇದ್ದುಬಿಡುತ್ತೇನೆ ಅನ್ನುತ್ತಿದ್ದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಲ್ವಾ. "ಏಪ್ರಿಲ್‌ನಲ್ಲಿ ರಜೆ ಹಾಕಿ ಹೋಗು, ಮಳೆಗಾಲದಲ್ಲಿ ಹೋಗಬೇಡ" ಅಂದೆ. ಹೋದ. ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾಗಿತ್ತು. ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ. ಮೋಟರ್ ಹಾಕಲು ಎದ್ದು ಟಾರ್ಚ್ ಹಿಡಿದು ತೋಟಕ್ಕೆ ಹೋಗಬೇಕು. ಕಾಯಿ ಕೀಳುವವರು ಇವತ್ತು ಬರುತ್ತೇವೆ ಅಂದವರು ನಾಲ್ಕು ದಿನ ಬಿಟ್ಟು ಬಂದರು. ಮೂರು ವಾರ ಇದ್ದು ವಾಪಸ್ ಬಂದ. "ಅಕ್ಕಾ, ನನಗೆ ತೋಟ ಬೇಕಾಗಿರಲಿಲ್ಲ. ಮಧ್ಯರಾತ್ರಿ ಯಾರೂ ಎಬ್ಬಿಸದ ಕೆಲಸ ಬೇಕಾಗಿತ್ತು" ಅಂದ. ರಾತ್ರಿಯೂ ಫೋನ್ ಬರುವ ಸಪೋರ್ಟ್ ಟೀಮಿನಿಂದ ಬೇರೆ ಟೀಮಿಗೆ ಕೇಳಿಕೊಂಡು ಹೋದ. ಈಗ ನೆಮ್ಮದಿಯಾಗಿದ್ದಾನೆ. ಅವನದು ಸೋಲು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೂರು ವಾರದ ರಜೆಯಲ್ಲಿ ಅವನಿಗೆ ತಿಳಿದದ್ದು ನನಗೆ ತಿಳಿಯಲು ಐದು ವರ್ಷ ಹಿಡಿಯಿತು.

ಇನ್ನು ದುಡ್ಡಿನ ಮಾತು. "ನಿನಗೇನು ಬಿಡು, ಗಂಡನ ಸಂಬಳ ಇದೆ" ಅನ್ನುತ್ತಾರೆ. ನಿಜ. ನನ್ನ ಗಂಡ ಬ್ಯಾಂಕಿನಲ್ಲಿದ್ದಾರೆ. ಅದನ್ನು ಮುಚ್ಚಿಟ್ಟು ಧೈರ್ಯದ ಮಾತಾಡುವುದು ನನಗೆ ಇಷ್ಟವಿಲ್ಲ. ಕೆಲಸ ಬಿಡುವಾಗ ನನ್ನ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 78 ಸಾವಿರ. ಈಗ ಬರುವುದು 24 ಸಾವಿರ. ಮಧ್ಯೆ ಎರಡು ವರ್ಷ ಏನೂ ಇಲ್ಲ. ಮನೆಯಲ್ಲಿ ನೀವೊಬ್ಬರೇ ದುಡಿಯುವವರಾಗಿದ್ದು, ಸಾಲದ ಕಂತು ಸಂಬಳದ ಅರ್ಧ ತಿನ್ನುತ್ತಿದ್ದರೆ, ಈ ವರ್ಷ ಬಿಡಬೇಡಿ. ಮೊದಲು ಸಾಲ ಇಳಿಸಿ. ಶನಿವಾರ ಭಾನುವಾರ ಹೊಸ ಕೆಲಸ ಕಲಿಯಿರಿ. ನಿಧಾನವಾಗುತ್ತದೆ. ಆಗಲಿ.

ನಾನು ಕೆಲಸ ಬಿಡುವ ಮೊದಲು ಆರು ತಿಂಗಳು ಗಂಡನ ಸಂಬಳದಲ್ಲಿ ಮಾತ್ರ ಮನೆ ನಡೆಸಿ ನೋಡಿದೆವು. ನನ್ನ ಸಂಬಳ ಬಂದ ದಿನವೇ ಬೇರೆ ಖಾತೆಗೆ ಹೋಗುತ್ತಿತ್ತು. ಎರಡನೇ ತಿಂಗಳೇ ತಪ್ಪಿತು. ನಾದಿನಿ ಮನೆಯ ಗೃಹಪ್ರವೇಶ ಬಂತು, ಅದೇ ತಿಂಗಳು ಮಗಳ ಫೀಸು. ಆ ಖಾತೆಗೆ ಕೈ ಹಾಕಿದೆವು. ಮತ್ತೆ ಮೊದಲಿನಿಂದ ಎಣಿಸಿದೆವು. ಇದರಿಂದ ಎರಡು ಲಾಭ. ಒಂದಿಷ್ಟು ಹಣ ಕೂಡಿತು. ಮನೆಯವರೆಲ್ಲರಿಗೂ ಮುಂದೆ ಹೇಗಿರುತ್ತದೆ ಅಂತ ಮೊದಲೇ ಗೊತ್ತಾಯಿತು.

ಕಾಗದಪತ್ರದಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಸಿಗಲು ಕಾಯಂ ನೌಕರರು ಒಂದೇ ಕಡೆ ಐದು ವರ್ಷ ಕೆಲಸ ಮಾಡಿರಬೇಕು. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ನಾನು ಬಿಟ್ಟಾಗ ಮೂಲ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುತ್ತಿದ್ದರು. ಎರಡನೇ ಕಂಪನಿಯಲ್ಲಿ ನನಗೆ ಆಗಿದ್ದದ್ದು ನಾಲ್ಕು ವರ್ಷ ಮೂರು ತಿಂಗಳು. ಮೂಲ ವೇತನ 36 ಸಾವಿರ ಇತ್ತು. ಐದು ವರ್ಷ ತುಂಬಿಸಿದ್ದರೆ ಒಂದು ಲಕ್ಷದ ನಾಲ್ಕು ಸಾವಿರದಷ್ಟು ಬರುತ್ತಿತ್ತು. ಅದನ್ನು ನಾನು ನೋಡಿಯೇ ಇರಲಿಲ್ಲ. ಬಿಡುವ ದಿನಾಂಕ ಗೊತ್ತುಮಾಡುವ ಮೊದಲು ಸೇರಿದ ದಿನಾಂಕ ತೆಗೆದು ನೋಡಿ. ಪಿಎಫ್ ವಿಷಯದಲ್ಲಿ ಮಾತ್ರ ಒಳ್ಳೆಯದಾಯಿತು. ಮೊದಲ ಕಂಪನಿಯ ಖಾತೆಯನ್ನು ಎರಡನೆಯದಕ್ಕೆ ವರ್ಗಾಯಿಸಿಕೊಂಡಿದ್ದೆ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನನ್ನದು ಒಟ್ಟು ಹನ್ನೊಂದಾಯಿತು.

ಆರೋಗ್ಯ ವಿಮೆಯನ್ನು ಎಲ್ಲರೂ ಮರೆಯುತ್ತಾರೆ. ಕಂಪನಿ ಕೊಟ್ಟ ವಿಮೆ ಕೆಲಸ ಬಿಟ್ಟರೆ ಹೋಗುತ್ತದೆ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಈಗಿನ ನಿಯಮದ ಪ್ರಕಾರ 3 ವರ್ಷದವರೆಗೂ ಕಾಯಬೇಕಾಗಬಹುದು. ಸಂಬಳ ಬರುತ್ತಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿಕೊಳ್ಳಿ.

ಟೀಚರ್ ಆಗಬೇಕು ಅಂತಲೇ ಕೇಳುವವರಿಗೆ ನಾಲ್ಕು ಮಾತು. ಬಿ.ಎಡ್. ಈಗ ಎರಡು ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ಕೆಲಸ ಮಾಡಿಕೊಂಡು ಹೇಗೋ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ. ಸರ್ಕಾರಿ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಪಾಠ ಮಾಡಬೇಕಾದರೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಪಾಸಾಗಿರಬೇಕು. 150 ಅಂಕ, ಸಾಮಾನ್ಯ ವರ್ಗದವರಿಗೆ 90 ಬೇಕು. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಆದರೆ ನೇಮಕಾತಿ ಪ್ರತಿ ವರ್ಷ ಇರುವುದಿಲ್ಲ, ವಯಸ್ಸಿನ ಮಿತಿಯೂ ಇರುತ್ತದೆ. ಸರ್ಕಾರಿ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಂಬಿಕೊಂಡು ಬರಬೇಡಿ. ನಾನು ಹಾಗೆ ಬರಲಿಲ್ಲ.

ಮನೆಯವರದೂ ಒಂದು ಪಾಲಿದೆ. ಅಮ್ಮ ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಎಂ.ಸಿ.ಎ. ಓದಿಸಿದ್ದು ಇದಕ್ಕಾ?" ಅಂದಿದ್ದು ಒಂದೇ ಸಲ. ಆದರೆ ಆ ಮಾತು ತುಂಬಾ ದಿನ ಮನೆಯಲ್ಲೇ ಸುಳಿದಾಡುತ್ತಿತ್ತು. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ನನ್ನ ಫೀಸು ಕಟ್ಟಿದ್ದರು. ಬೆಂಬಲಕ್ಕೆ ನಿಂತವರು ಅತ್ತೆ. "ಮೇಷ್ಟ್ರ ಕೆಲಸ ಅಲ್ವೇನಮ್ಮ, ಓದು" ಅಂದರು. ಅಮ್ಮ ಈಗ ಪಕ್ಕದ ಮನೆ ಹುಡುಗನನ್ನು ಲೆಕ್ಕ ಹೇಳಿಸಿಕೊಳ್ಳಲು ನನ್ನ ಹತ್ತಿರ ಕಳಿಸುತ್ತಾರೆ. ಅಲ್ಲಿಗೆ ರಾಜಿಯಾಯಿತು ಅಂತ ನಾನು ತಿಳಿದುಕೊಂಡಿದ್ದೇನೆ.

ಈಗ ಎಲ್ಲಾ ಸುಖವಾ ಅಂತಲೂ ಕೇಳುತ್ತಾರೆ. ದಿನಕ್ಕೆ ಆರು ಪೀರಿಯಡ್ ನಿಂತು ಮಾತಾಡಿದರೆ ಸಂಜೆ ಗಂಟಲು ಕಟ್ಟುತ್ತದೆ. ಎಫ್‌ಎ, ಎಸ್‌ಎ ಅನ್ನುವ ಮೌಲ್ಯಮಾಪನಗಳಿಗೆ ವರ್ಷಪೂರ್ತಿ ಅಂಕ ತುಂಬಿಸುವುದು ಇದ್ದೇ ಇದೆ. ನಾನು ಸೇರಿದ ವರ್ಷವೇ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಮೊದಲನೆಯದರಲ್ಲಿ ಫೇಲಾದ ಮಕ್ಕಳನ್ನು ಬಿಸಿಲಲ್ಲಿ ಮತ್ತೆ ಕೂರಿಸಿಕೊಂಡು ಹೇಳಿಕೊಟ್ಟೆವು. ಏಪ್ರಿಲ್, ಮೇ ರಜೆ ಅಂತ ಆಸೆಯಿಂದ ಬರುವವರು ಇದನ್ನು ತಿಳಿದಿರಲಿ. ಕೆಲವು ಭಾನುವಾರ ರಾತ್ರಿ ನನಗೂ ಸೋಮವಾರ ಬೇಡ ಅನ್ನಿಸುತ್ತದೆ. ಆದರೆ ಬೆಳಿಗ್ಗೆ ಎಂಟೂವರೆಗೆ ಗೇಟಿನ ಹತ್ತಿರ ಯಾರೋ ಒಬ್ಬ "ಮಿಸ್, ಆ ಲೆಕ್ಕ ಬಂತು ಮಿಸ್" ಅಂತ ನೋಟ್‌ಬುಕ್ ಹಿಡಿದು ಓಡಿ ಬಂದರೆ ಅದು ಮರೆತುಹೋಗುತ್ತದೆ. ಹಳೇ ಕೆಲಸದಲ್ಲಿ ಹಾಗೆ ಮರೆಯುತ್ತಿರಲಿಲ್ಲ.

ಕಳೆದ ಭಾನುವಾರ ಫೋನ್ ಮಾಡಿದ ಹುಡುಗಿಗೂ ಬಿ.ಎಡ್. ಮಾಡುವ ಆಸೆ. ಒಂಬತ್ತು ವರ್ಷದಿಂದ ಟೆಸ್ಟಿಂಗ್‌ನಲ್ಲೇ ಇದ್ದಾಳೆ. ಅರ್ಧ ಗಂಟೆ ಮಾತಾಡಿದಳು. ಮಾತಾಡುತ್ತಾ ಅತ್ತಳು. ನಾನು ಏನೂ ತೀರ್ಪು ಕೊಡಲಿಲ್ಲ. ಈ ಶನಿವಾರ ರಜೆ ಹಾಕಿ ಬರುತ್ತೇನೆ ಅಂದಿದ್ದಾಳೆ. ಎಂಟನೇ ತರಗತಿಯ 48 ಟೆಸ್ಟ್ ಪೇಪರ್ ತಿದ್ದದೆ ಹಾಗೇ ಇಟ್ಟಿದ್ದೇನೆ. ಮಧ್ಯಾಹ್ನದ ಊಟ ನಮ್ಮಲ್ಲೇ ಅಂತ ಹೇಳಿದ್ದೇನೆ.